ಕ್ಷೌರದಂಗಡಿಯ ಶಾಂತಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ನನ್ನ ಕೈಗೆ ತಲೆ ಕೊಟ್ಟೂ ಬದುಕಿ ಉಳಿದಿರುವ ಸಭಿಕರೇ,

ಅಧಿಕಾರದಲ್ಲಿರುವವರಿಗೆ ಇನ್ನೊಂದು ಅವಧಿ ಸಿಗುವಂತೆ ಸಂವಿಧಾನವನ್ನು ತಿದ್ದಬೇಕೇ ಬೇಡವೇ ಎಂದು ದೇಶವೆಲ್ಲ ಮತ ಹಾಕಿತಲ್ಲ, ಆಗ ಊರೆಲ್ಲ ಹೊಡೆದಾಡಿದರೂ ನಮ್ಮ ಬೀದಿ ತಣ್ಣಗಿತ್ತು. ಅದಕ್ಕೆ ನನ್ನ ಕ್ಷೌರದಂಗಡಿಯ ಬೋರ್ಡೇ ಕಾರಣವೆಂದು ಅಧ್ಯಕ್ಷರು ಹೊಗಳಿದರು. ‘ಇಲ್ಲಿ ರಾಜಕೀಯ ಮಾತಾಡಬಾರದು.’ ಬರೆದವನು ನಾನೇ. ಯಾಕೆ ಬರೆದೆ ಎಂಬುದನ್ನೂ ಹೇಳಬೇಡವೇ?

ನಮ್ಮಲ್ಲಿ ಎರಡು ಕುರ್ಚಿ. ಒಂದು ನನ್ನದು, ಇನ್ನೊಂದು ನನ್ನ ತಮ್ಮನದು. ತಮ್ಮನಿಗೆ ತಿದ್ದುಪಡಿ ಬೇಕು. ಅವನ ಖಾಯಂ ಗಿರಾಕಿ ಮೇಷ್ಟ್ರಿಗೆ ಬೇಡ. ಅವತ್ತು ಮೇಷ್ಟ್ರ ಗಡ್ಡ ಅರ್ಧ ಹೆರೆದಾಗಿತ್ತು. “ಇನ್ನೊಂದು ಅವಧಿ ಕೊಟ್ರೆ ಆಮೇಲೆ ಇಳೀತಾರೇನಯ್ಯಾ?” ಎಂದರು. ನನ್ನ ತಮ್ಮ ಕತ್ತಿ ಕೆಳಗಿಟ್ಟ. “ಹಾಗಾದ್ರೆ ಉಳಿದರ್ಧ ನೀವೇ ಹೆರ್ಕೊಳ್ಳಿ ಮೇಷ್ಟ್ರೇ.” ಅವರು ಒಂದು ಕೆನ್ನೆಯ ನೊರೆಯನ್ನು ಹಾಗೇ ಇಟ್ಟುಕೊಂಡು ಎದ್ದು ಹೋದರು. ನಗಬೇಡಿ. ಸರಿ, ನಗಿ, ಆಗ ನನಗೂ ನಗು ಬಂದಿತ್ತು.

ಮರುದಿನ ಬೋರ್ಡು ಹಾಕಿದೆ. ತಮ್ಮ ಓದಿದ. “ಅಣ್ಣಾ, ಜಗಳ ಬಿಡ್ಸೋದು ಬಿಟ್ಟು ಬಾಯಿಗೇ ಬೀಗ ಹಾಕ್ತೀಯಲ್ಲ! ಮಾತಾಡ್ದೆ ನನಗೆ ಕೈಯೇ ಓಡಲ್ಲ,” ಎಂದು ಕತ್ತರಿ, ಬಾಚಣಿಗೆ ಕಟ್ಟಿಕೊಂಡು ಬೇರೆ ಊರಿಗೆ ಹೊರಟುಹೋದ. ಸಿಟ್ಟಿಳಿದ ಮೇಲೆ ಬರುತ್ತಾನೆ ಅಂದುಕೊಂಡೆ. ಬರಲಿಲ್ಲ, ಅಲ್ಲೇ ಅಂಗಡಿ ಇಟ್ಟುಕೊಂಡ.

ಮೇಷ್ಟ್ರು ಈಗಲೂ ಬರುತ್ತಾರೆ. ಇಗೋ, ಮುಂದಿನ ಸಾಲಿನಲ್ಲೇ ಇದ್ದಾರೆ. ಬಂದು ಕೂರುತ್ತಾರೆ, ಬೋರ್ಡು ನೋಡುತ್ತಾರೆ, ಕಣ್ಣು ಮುಚ್ಚಿಕೊಳ್ಳುತ್ತಾರೆ. ಹರಟೆಗೆಂದೇ ಬೆಂಚು ಸವೆಸುತ್ತಿದ್ದವರು ಈ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಶಾಂತಿಯೆಂದರೆ ಇದೇ ಏನು? ಕತ್ತರಿಯ ಸದ್ದೊಂದನ್ನೇ ಕೇಳುತ್ತ ಇಡೀ ಹಗಲು ಕಳೆಯುವುದೇನು? ಮತ ಹಾಕುವುದು ನಾಗರಿಕನ ಕರ್ತವ್ಯ ಎಂದಿರಿ. ಹಾಕಿದೆ. ಯಾವುದಕ್ಕೆ ಹಾಕಿದೆಯೋ ಎಂದು ಕೇಳುವ ಒಂದು ನರಪಿಳ್ಳೆಯೂ ಇರಲಿಲ್ಲ. ಸಂಜೆ ತಮ್ಮನ ಕುರ್ಚಿ ಒರೆಸುತ್ತ ಆ ಕುರ್ಚಿಗೇ ಹೇಳಿದೆ, ‘ಬೇಡ’ಕ್ಕೆ ಹಾಕಿದೆ ಕಣೋ ಅಂತ.

ಅವನಿದ್ದಿದ್ದರೆ ಗಂಟಲು ಕಟ್ಟುವವರೆಗೂ ನನ್ನೊಡನೆ ವಾದಿಸುತ್ತಿದ್ದ. ಆ ವಾದ ನನಗೆ ಬೇಕು. ಒಬ್ಬನೇ ಇದ್ದು ಇದ್ದು ಸಾಕಾಗಿದೆ, ಸ್ವಾಮಿ.

ಶಾಂತಿಗಾಗಿ ಈ ಪ್ರಶಸ್ತಿ ಫಲಕ ಕೊಟ್ಟಿದ್ದೀರಿ, ದೊಡ್ಡ ಮನಸ್ಸು ನಿಮ್ಮದು. ಆದರೆ ಆ ಬೋರ್ಡನ್ನು ಇವತ್ತು ಬೆಳಿಗ್ಗೆಯೇ ಕಿತ್ತುಹಾಕಿದ್ದೇನೆ. ಅಧ್ಯಕ್ಷರು ಕ್ಷಮಿಸಬೇಕು, ಅಷ್ಟು ಚೆನ್ನಾಗಿ ಹೊಗಳುತ್ತಿದ್ದಾಗ ನಡುವೆ ಬಾಯಿ ಹಾಕಲು ಮನಸ್ಸಾಗಲಿಲ್ಲ.

ನಿಮ್ಮಲ್ಲಿ ಯಾರಾದರೂ ನನ್ನ ತಮ್ಮನಿರುವ ಊರಿಗೆ ಹೋದರೆ, ಅವನ ಅಂಗಡಿಗೂ ಒಮ್ಮೆ ಹೋಗಿ ಬನ್ನಿ. ನಾನು ಕರೆದೆ ಅಂದರೆ ಬರುವವನಲ್ಲ ಅವನು. ನಿಮ್ಮಣ್ಣ ‘ಬೇಡ’ಕ್ಕೆ ಮತ ಹಾಕಿದ್ದಾನೆ ಅಂತ ಹೇಳಿ. ಸಿಟ್ಟು ಬಂದಾದರೂ ಬರಲಿ.

ಇಷ್ಟು ಹೊತ್ತು ನನಗೆ ಮಾತಾಡಲು ಬಿಟ್ಟಿರಿ, ಉಪಕಾರವಾಯಿತು. ನಮಸ್ಕಾರ.