ಯಾವ ಕಡಿ, ಓಬಳೆಪ್ಪಾ?

ಅಳವಂಡಿಗೆ ಇನ್ನೂ ಎರಡು ಮೈಲಿ ಇರುವಾಗಲೇ ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯತೊಡಗಿತ್ತು. ಡ್ರೈವರ್ ಬಸ್ಸು ನಿಲ್ಲಿಸಿ, "ನೀರು ಇಳಿಯೂತನಕ ಏನೂ ಮಾಡಾಕ ಬರಂಗಿಲ್ರಿ" ಎಂದ. ನಾವು ಏಳೆಂಟು ಜನ ಇಳಿದು ಹಂಪವ್ವನ ಚಹಾದಂಗಡಿಯ ತಗಡಿನ ಕೆಳಗೆ ಸೇರಿಕೊಂಡೆವು. ಸಂಜೆಯಾಗಿತ್ತು, ಕರೆಂಟು ಹೋಗಿತ್ತು. ಮೋಡದೊಳಗೆಲ್ಲೋ ವಿಮಾನವೊಂದು ಹೋಗುವ ಸದ್ದು ಕೇಳಿತು. "ಇಂಥಾ ಮಳ್ಯಾಗ ಯಾರಪ್ಪಾ ಹಾರಸಾಕತ್ಯಾರ?" ಎಂದು ಒಬ್ಬರು ನಕ್ಕರು. ಮೂಲೆಯ ಬೆಂಚಿನಲ್ಲಿ ಕುಳಿತಿದ್ದ ಮುದುಕ ಮಾತ್ರ ನಗಲಿಲ್ಲ. ಆತನ ಹೆಸರು ಓಬಳೆಪ್ಪ ಎಂದು ಹಂಪವ್ವ ಹೇಳಿದಳು. ಸದ್ದು ಪೂರ್ತಿ ಅಡಗಿದ ಮೇಲೆ ಆತ ಮಾತು ತೆಗೆದ.

"ನಗಬ್ಯಾಡ್ರಿ... ಎರಡು ಸಾವಿರದ ಮೂರನೇ ಇಸವಿ ಮಾತಿದು. ಅವಾಗ ಈ ಕಡಿ ಒಂದು ಕಂಪನಿಯವ್ರು ಇಮಾನ ಇಳಿಯೋ ಪಟ್ಟಿ ಮಾಡಿದ್ರು, ನಾ ಅಲ್ಲಿ ಕಾವಲುಗಾರ. ನನ್ನ ಕೆಲಸರ ಏನು? ಇಮಾನ ಬರೋ ಹೊತ್ತಿಗೆ ಪಟ್ಟಿ ಮ್ಯಾಲಿನ ಎಮ್ಮಿ, ಕುರಿ ಓಡಿಸಿ, ವಾಕಿಟಾಕಿ ಹಿಡದು 'ದಾರಿ ಖುಲ್ಲಾ ಐತ್ರಿ' ಅನ್ನೂದು, ಅಷ್ಟ. ಆ ವರ್ಷ ಮೋಡ ಬಿತ್ತನಿ ಮಾಡಾಕ ಒಂದು ಸಣ್ಣ ಇಮಾನ ಬಂತು. ಎರಡು ಎಂಜಿನ್, ರೆಕ್ಕಿಗೊಂದೊಂದು. ನಡಸಾಂವ ಸುಭಾಷ್ ಸಾಹೇಬ, ನಮ್ಮ ಕುಷ್ಟಗಿ ಕಡ್ಯಾಂವನ. ಬಾಜೂಕ ಕುಂತು ಮೋಡಕ್ಕ ಉಪ್ಪು ಬಿಡಾಕಿ ಹೇಮಾ ಅನ್ನೋ ಹೆಣ್ಣಮಗಳು. ಸಾಹೇಬ ದಿನಾ ಇಳದ ಕೂಡ್ಲೆ ನನ್ನ ಬುತ್ತ್ಯಾಗಿನ ರೊಟ್ಟಿ ಮುರಕೊಂಡು ನಿಂತಲ್ಲೇ ತಿಂತಿದ್ದ... ಅಂಥಾ ಮನಷ್ಯಾ.

"ಅವತ್ತು ಸಂಜಿಮುಂದ ಜೋರು ಮಳಿ. ವಾಕಿಟಾಕ್ಯಾಗ ಅಂವನ ದನಿ ಬಂತು. 'ಓಬಳೆಪ್ಪಾ, ಒಂದು ಎಂಜಿನ್ ಕೆಟ್ಟೈತಿ. ಇಲ್ಲಿ ಮೀಟರಿನ ಮುಳ್ಳು ಎರಡೂ ಕುಣ್ಯಾಕತ್ತಾವು, ಮಳಿಗೆ ಹೊರಗ ಏನೂ ಕಾಣವಲ್ದು. ಹೊಗಿ ಕಂಡ್ರ ಹೇಳು, ಯಾವ ಕಡಿ?' ಇಮಾನ ಮೋಡ ಹರಕೊಂಡು ನನ್ನ ಎದುರಿಗೇ ಬರಾಕತ್ತಿತ್ತು. ಕರೀ ಹೊಗಿ ಕಾಣ್ತು. ನಾ ಕೈ ಎತ್ತಿ ಆ ಕಡಿ ತೋರಿಸ್ಕೊಂತ ಅಂದೆ... 'ಬಲಗಡಿ ರೀ!'

"ತಿಳೀತೇನ್ರಿ ನಿಮಗ? ಎದುರಾಎದುರು ನಿಂತಾಗ ನನ್ನ ಬಲ ಅಂವನ ಎಡ. ಅಷ್ಟ ಸಣ್ಣ ಮಾತು... ಅಂವ ನನ್ನ ನಂಬಿ ಬಲಗಡಿ ಎಂಜಿನ್ ಬಂದ್ ಮಾಡಿದ. ಛಲೋ ಇದ್ದದ್ದು ನಿಂತ್ತು. ಕೆಟ್ಟದ್ದು ಎರಡು ಸಲ ಕೆಮ್ಮಿ ಅದೂ ನಿಂತ್ತು. ಆಮ್ಯಾಲೆ ಇಮಾನದ ಸಪ್ಪಳನ ಇಲ್ಲ, ಬರೇ ಮಳಿ ಸಪ್ಪಳ. ಪಟ್ಟಿ ಒಂದು ಫರ್ಲಾಂಗ್ ಇರೂವಾಗ ಶೇಂಗಾದ ಹೊಲದಾಗ ಮೂಗು ಊರಿ ಬಿದ್ದು ಹೊತಗೊಂಡ್ತು. ನಾ ಓಡಿ ಹೋಗೂದ್ರಾಗ ಇಬ್ಬರೂ ಹೋಗಿದ್ರು.

"ತನಿಖಿ ಆತು. ಎಡಗಡಿ ಎಂಜಿನ್ನಿನ ಎಣ್ಣಿ ಪೈಪು ಸೀಳಿತ್ತಂತ. ಬಲಗಡಿ ಒಂದರ ಮ್ಯಾಲೇ ಇಳಿಬಹುದಿತ್ತಂತ. 'ಗಡಿಬಿಡ್ಯಾಗ ಪೈಲಟ್ ಛಲೋ ಎಂಜಿನ್ ಬಂದ್ ಮಾಡ್ಯಾನ' ಅಂತ ಬರದ್ರು. 'ಕಡೀಕ ನಿನಗೇನರ ಕೇಳಿದ್ನೇನು?' ಅಂತ ನನ್ನೂ ಕೇಳಿದ್ರು. ಇಲ್ರಿ ಅಂದೆ.

"ತಿಂಗಳ ಮ್ಯಾಲೆ ಅಂವನ ತಾಯಿ ಶರಣಬಸಮ್ಮ ಬಂದ್ಲು. ಹೊಲದಾಗಿನ ಸುಟ್ಟ ಮಣ್ಣು ಮುಟ್ಟಿ ನೋಡಿ ನನ್ನ ಕಡಿ ತಿರುಗಿದ್ಲು. 'ಯಣ್ಣಾ, ಕಡೀಕ ಅಂವನ ದನಿ ಕೇಳ್ದಾಂವ ನೀನ. ತಾ ಸತ್ತದ್ದಲ್ದ ಆ ಹುಡುಗೀನೂ ಕೊಂದ ಅಂತಾರ ನನ್ನ ಮಗನ್ನ... ಖರೇ ಏನು?' ಹೇಳಬೇಕಿತ್ತಿಲ್ಲೇನ್ರಿ ನಾ? ಬಾಯಿತನಕ ಬಂದಿತ್ತು. 'ನನಗೇನು ಗೊತ್ತು ಯಕ್ಕಾ' ಅಂದೆ. ತಲಿ ಮ್ಯಾಲೆ ಸೆರಗು ಎಳಕೊಂಡು ಹೋದ್ಲು. ಅದ ಕೊರಗಿನ್ಯಾಗ ವರ್ಷ ತುಂಬೂದ್ರಾಗ ತೀರಿಕೊಂಡ್ಲು.

"ಆ ಸುದ್ದಿ ಬಂದ ಸಂಜಿ ಮಳಿ ಹಿಡೀತು. ಸೆಲ್ ತಗದು ಗೂಟಕ್ಕ ಹಾಕಿದ್ದ ವಾಕಿಟಾಕಿ ಕರಕರ ಅಂತು... 'ಓಬಳೆಪ್ಪಾ, ಯಾವ ಕಡಿ?' ಅದ ದನಿ. ಹೊರಗ ಓಡಿದೆ. ಮತ್ತ ಮಳಿ ಬಂದ್ರ ಮತ್ತ ಅದ. ಮಳಿಗಾಲ ಪೂರ್ತಿ ತಡಕೊಂಡೆ. ಒಂದಿನ ಆಗಲಿಲ್ಲ, ಕೈಯಾಗ ಹಿಡದು ಚೀರಿದೆ, 'ಎಡಗಡಿ ರೀ ಸಾಹೇಬ್ರ... ನಿಮ್ಮ ಎಡಗಡಿ!' ಖರೇ ಹೇಳಿದೆ, ಇನ್ನ ಮುಗೀತು ಅನ್ಕೊಂಡೆ.

"ವಾಕಿಟಾಕಿ ಮತ್ತ ಕರಕರ ಅಂತು. ಆಮ್ಯಾಲೆ ಸಾವಕಾಶ ಅಂದ... 'ಹಂಗಾರ ನಮ್ಮವ್ವಗ ಯಾಕ ಹೇಳಲಿಲ್ಲ?'"

ಓಬಳೆಪ್ಪ ತಗಡಿನಿಂದ ಸುರಿಯುವ ನೀರಿನ ಕಡೆ ನೋಡಿದ. ಹಂಪವ್ವ ಒಲೆಗೆ ಕಟ್ಟಿಗೆ ಹಾಕುವುದನ್ನು ಮರೆತು ನಿಂತಿದ್ದಳು.

"ಕೆಲಸ ಬಿಟ್ಟೆ. ಪಟ್ಟಿ ತುಂಬ ಈಗ ಜಾಲಿ ಬೆಳದೈತಿ. ಮನ್ಯಾಗ ರೇಡಿಯೊ, ಫೋನು ಏನೂ ಇಟ್ಟಿಲ್ಲ. ಹ್ವಾದ ವಾರ ಕುಕನೂರಿಗೆ ಮಗಳು ಯಮನೂರಮ್ಮನ ಮನಿಗೆ ಹೋಗಿದ್ದೆ. ಮಳಿ ಸುರು ಆತು, ಆಕಿ ಮೊಬೈಲ್ ಹೊಡಕೊಂತು. ಕಿವಿಗೆ ಹಚ್ಚಿ ಕೇಳಿ ನನ್ನ ಮಾರಿ ನೋಡಿ ಅಂದ್ಲು, 'ಅಪ್ಪಾ, ಯಾರೋ ವಯಸ್ಸಾದಾಕಿ ಮಾತಾಡಾಕತ್ತಾಳ. ಈಗರ ಹೇಳು ಯಣ್ಣಾ, ಅಂತಾಳ... ಏನು ಹೇಳಬೇಕಾಗೇತಿ?' ನಾ ಕಸಗೊಂಡು ಬಂದ್ ಮಾಡಿದೆ. ಬಂದ್ ಆದ ಫೋನಿನ್ಯಾಗ ಆಕಿ ಉಸರು ಕೇಳ್ತಿತ್ರಿ... ಫೋನ್ ಅಲ್ಲೇ ಇಟ್ಟ ಬಂದೀನಿ. ಉಸರು ನನ್ನ ಬೆನ್ನ ಹಿಂದನ ಬಂದೈತಿ."