ಮೇಣದೊಳಗಿನ ಅಕ್ಕ

ನಮ್ಮ ಪಕ್ಕದ ಮನೆಯವನಿಗೆ ಆಗಿದ್ದು ಇದು. ಆಸ್ಪತ್ರೆಯ ಲ್ಯಾಬಿನಲ್ಲಿ ಗಡ್ಡೆಯ ಚೂರುಗಳಿಗೆ ಬಣ್ಣ ಹಾಕುವ ಕೆಲಸ ಅವನದು. ಒಂದು ರಾತ್ರಿ ತಡವಾಗಿ ನಮ್ಮ ಬೀದಿಯ ಬಾವಿ ದಾಟಿ ಮನೆಗೆ ಬರುತ್ತಿದ್ದ. ಬಾವಿಯೊಳಗಿಂದ ಸದ್ದು. ಸರ್ರ್... ಟಕ್. ಸರ್ರ್... ಟಕ್.

ಗಡ್ಡೆಯನ್ನು ಹುದುಗಿಸಿಟ್ಟ ಮೇಣದ ಅಚ್ಚಿನಿಂದ ತೆಳು ಚೂರು ಕೊಯ್ಯುವ ಮೆಷಿನ್ನಿನ ಸದ್ದು. ದಿನಾ ಕೇಳುವವನಿಗೆ ಗುರುತು ಸಿಗದೆ ಇರುತ್ತದೆಯೇ?

ಅವನ ಹೆಂಡತಿಯ ಲಿವರಿನಲ್ಲಿ ಗಡ್ಡೆ. ಎಲ್ಲಿಂದ ಬಂತೋ ತಿಳಿಯದು. ಸ್ತನದಿಂದ ಹಬ್ಬಿದ್ದಾದರೆ, ಗುರುತು ಹಿಡಿಯುವ ಆ್ಯಂಟಿಬಾಡಿ ದ್ರವ ಹಾಕಿದಾಗ ಚೂರಿಗೆ ಕಂದು ಬಣ್ಣ ಏರುತ್ತದೆ. ಅಂಥ ಗಡ್ಡೆಗೆ ಮಾತ್ರೆ ಇದೆ. "ಕಂದು ಬರಲಿ ಅಂತ ಬೇಡ್ಕೊಳಪ್ಪ," ಅಂದಿದ್ದರು ಡಾಕ್ಟರಮ್ಮ.

ಲಿವರಿಗೆ ಸೂಜಿ ಹಾಕಿ ತೆಗೆದಾಗ ಬಂದಿದ್ದು ದಾರದೆಳೆಯಷ್ಟು. ಬೇರೆ ಪರೀಕ್ಷೆಗಳಿಗೆ ಹೋಗಿ ಒಂದೇ ಚೂರು ಉಳಿದಿತ್ತು. ಆ ಸಂಜೆ ಅದನ್ನು ಗಾಜಿನ ಸ್ಲೈಡಿಗೆ ಅಂಟಿಸಿಟ್ಟು ಹೊರಟಿದ್ದ. ಪಕ್ಕದಲ್ಲೇ ಅಕ್ಕನ ಚೂರು. ಅಕ್ಕ ಅಂತ ಅವನು ಕರೆಯುತ್ತಿದ್ದದ್ದು ಯಾವತ್ತೋ ಸತ್ತ ಒಬ್ಬ ಹೆಂಗಸನ್ನು. ಅವಳ ಸ್ತನದ ಗಡ್ಡೆ ಹನ್ನೊಂದು ವರ್ಷದಿಂದ ಲ್ಯಾಬಿನ ಮೇಣದಚ್ಚಿನಲ್ಲಿದೆ. ಎಲ್ಲರ ಗಾಜಿನಲ್ಲೂ ಅವಳದೊಂದು ಚೂರು ಇಡಬೇಕು. ಅವಳದು ಕಂದಾದರೆ ಬಣ್ಣ ಸರಿ. ಆಗದಿದ್ದರೆ ಪರೀಕ್ಷೆಯೇ ಲೆಕ್ಕಕ್ಕಿಲ್ಲ. "ಅಕ್ಕಾ, ಇವತ್ತೂ ಒಂಚೂರು ಕೊಡು, ಪುಣ್ಯ ಬರತ್ತೆ," ಅಂತ ತಮಾಷೆ ಮಾಡುತ್ತಲೇ ಕೊಯ್ಯುತ್ತಿದ್ದ.

ಸದ್ದು ನಿಂತಿತು. ಬಾವಿಕಟ್ಟೆಯ ಮೇಲೆ ಒಬ್ಬ ಹೆಂಗಸು... ಬೆನ್ನು ಮಾತ್ರ ಕಾಣುತ್ತಿತ್ತು.

"ತಮ್ಮಾ... ಇನ್ನೆಷ್ಟು ಉಳಿದಿದೀನಿ?"

"ಉಗುರಿನಷ್ಟು, ಅಕ್ಕಾ."

"ಇವತ್ತು ಯಾರಿಗೆ ಕೊಯ್ದೆ?"

"ನನ್ನ ಹೆಂಡ್ತಿಗೆ... ಕೈಬಿಡಬೇಡ."

"ನನ್ನ ಹೆಸರು ಹೇಳು."

ರಿಜಿಸ್ಟರಿನಲ್ಲಿ ಹೆಸರಿತ್ತು. ಹನ್ನೊಂದು ವರ್ಷ, ಒಂದು ದಿನವೂ ತೆಗೆದು ನೋಡಿರಲಿಲ್ಲ. ಗೊತ್ತಿದ್ದಿದ್ದು ನಂಬರು. ನಂಬರನ್ನೇ ಹೇಳಿದ.

ಗುಳುಂ... ಕಟ್ಟೆ ಖಾಲಿ.

ಬೆಳಿಗ್ಗೆ ಬಣ್ಣ ಹಾಕಿದ. ಅಕ್ಕನ ಚೂರು ಕಂದಾಗಲಿಲ್ಲ. ಹೆಂಡತಿಯದೂ ಆಗಲಿಲ್ಲ. ಮತ್ತೆ ಬಣ್ಣ ಹಾಕೋಣವೆಂದರೆ ಹೆಂಡತಿಯದು ಬೇರೆ ಚೂರಿಲ್ಲ.

"ಇನ್ನೊಂದು ಸಲ ಸೂಜಿ ಹಾಕ್ಬೇಕು," ಅಂದರು ಡಾಕ್ಟರಮ್ಮ.

ಹೆಂಡತಿಗೆ ಮಗ್ಗುಲು ಬದಲಿಸುವ ಶಕ್ತಿಯೂ ಇರಲಿಲ್ಲ. "ಸಾಕು ಬಿಡ್ರೀ... ಚುಚ್ಚೋಕೆ ನನ್ನಲ್ಲಿ ಇನ್ನೇನಿದೆ?" ಅಂದಳು. ಒಂಬತ್ತನೇ ದಿನ ಹೋದಳು. ಅವನು ಕೈ ಹಿಡಿದು ಕೂತಿದ್ದ. ಅಷ್ಟೇ ಮಾಡಲು ಆಗಿದ್ದು.

ಕೆಲಸಕ್ಕೆ ಮರಳಿದ ದಿನ ಡ್ರಾಯರಿನಿಂದ ಆ ಗಾಜು ತೆಗೆದ. ಹೆಂಡತಿಯ ಚೂರು ಕಡು ಕಂದು. ಅಕ್ಕನ ಚೂರಿದ್ದ ಕಡೆ ಏನೂ ಇಲ್ಲ. ಬರೀ ಗಾಜು.

ನಂಬದಿದ್ದರೆ ಬಿಡಿ. ಅವನು ಮನೆಗೆ ತಂದು ತೋರಿಸಿದಾಗ ಟ್ಯೂಬ್‌ಲೈಟಿಗೆ ಹಿಡಿದು ನಾನೇ ನೋಡಿದ್ದೇನೆ. ಅಷ್ಟು ದಿನ ಡ್ರಾಯರಿನಲ್ಲಿ ಒಣಗಿದ್ದ ಗಾಜು... ನನ್ನ ಬೆರಳಿಗೆ ನೀರು ಹತ್ತಿತು.