ಬಾಳಾಸಾಬನ ಹುಟ್ಟು

ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಂಬ ಸುದ್ದಿ ಬಂದು ಎರಡು ದಿನವಾಗಿತ್ತು. ಕಾಗವಾಡ ತಾಲೂಕಿನ ಆ ಹೊಳೆದಂಡೆಯ ಊರಿನ ಜನ ದನಕರು, ಟ್ರಂಕು, ಹಾಸಿಗೆ ಸಮೇತ ದಿನ್ನೆಯ ಮೇಲಿನ ಶಾಲೆಗೆ ಬಂದು ಸೇರಿದ್ದರು. ಹೊರಗೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಸಂಜೆ ನಾಲ್ಕಕ್ಕೇ ಬಿಸಿಯೂಟದ ಕೋಣೆಯಲ್ಲಿ ಲೈಟು ಹಾಕಿಕೊಂಡು ಹೆಂಗಸರು ಇಡೀ ಊರಿಗೆ ರೊಟ್ಟಿ ಬಡಿಯುತ್ತಿದ್ದರು. ಅವರ ನಡುವೆ ಎಂಬತ್ತರ ಹತ್ತಿರದ ಪದ್ಮವ್ವ ಕೂತಿದ್ದಳು.

ಒಲೆ ಮುಂದಿದ್ದ ರಾಮವ್ವ ಉಸಿರುಬಿಟ್ಟಳು. "ಎಲ್ಲಾ ಹಣೀಬಾರ ಯವ್ವಾ. ಹುಟ್ಟಿದ ಐದನೇ ದಿನಾ ಸಟವಿ ಬಂದ ಹಣಿಮ್ಯಾಲೆ ಬರದ ಹೋಗಿದ್ದನ್ನ ಯಾರ್ ಅಳಸ್ಯಾರು?"

ರೊಟ್ಟಿ ಬಡಿಯುತ್ತಿದ್ದ ಪದ್ಮವ್ವನ ಕೈ ನಿಂತಿತು.

"ಬರೀತಾಳ. ನಾ ಇಲ್ಲನ್ನಂಗಿಲ್ಲ. ಆದ್ರ ಎಷ್ಟ ಬರೀತಾಳ, ಎಷ್ಟ ಬಿಡತಾಳ ಅನ್ನೂದ ನಮ್ಮ ಸೊಸಿ ಸುಜಾತಾನ ಕತಿ ಕೇಳಿ ಹೇಳ್ರಿ. ಸನೇಕ ಬರ್ರಿ, ಈ ಮಳಿಯಾಗ ನನ್ನ ದನಿ ದೂರ ಹೋಗೂದಿಲ್ಲ."

ಹೆಂಗಸರು ಹಿಟ್ಟಿನ ಪರಾತಗಳನ್ನು ಎಳೆದುಕೊಂಡು ಹತ್ತಿರ ಸರಿದರು.

"ನಮ್ಮೂರ ಅಂಬಿಗ ಬಾಳಾಸಾಬ ಗೊತ್ತಲ್ಲ? ಎರಡ ಸಾವಿರದ ಐದನೇ ಇಸ್ವಿ ಮಹಾಪೂರದಾಗ ಮುಳಗಿದಾಂವ. ದೋಣಿ ಸಿಕ್ಕಿತು, ಹೆಣಾ ಸಿಗಲಿಲ್ಲ. ಅವತ್ತಿಂದ ಹೊಳಿ ಏರಿದಾಗೊಮ್ಮೆ ಬರತಿದ್ದ... ತಲಿಗಿ ಕೆಂಪ ಪಟಕಾ, ಅದರಿಂದ ತಟತಟ ನೀರ ಸೋರೂದು, ಮಾತಿಲ್ಲ ಕತಿಯಿಲ್ಲ, ಸುಮ್ಮ ಕುಂತ ನೋಡಾಂವ. ಎಲ್ಲಾರಿಗೂ ಕಾಣತಿದ್ದಿಲ್ಲ. ಯಾರಿಗಿ ಕಂಡನೋ, ಅವರದ ಮುಗೀತು.

"ರುಕ್ಮವ್ವಗ ಕಂಡ. ಮರುದಿನ ದೋಣಿ ವಾಲಿದಾಗ ಬಾಜೂಕಿನವರು ಹಗ್ಗಾ ಒಗದ್ರು, ಅಕಿ ಕೈ ಚಾಚಲೇ ಇಲ್ಲ. ಪಾರಿಸಗ ಕಂಡ. ಎತ್ತಿನಂಥಾ ಆಳು, ಮನೀಗಿ ಬಂದಾಂವ ಹಿಂದಿನ ಖೋಲಿ ಕದಾ ಹಾಕ್ಕೊಂಡ ಕುಂತ. 'ಗ್ವಾಡಿ ನೆನದೈತಿ, ಹೊರಗ ಬಾರೋ' ಅಂತ ಹೆಂಡ್ತಿ ಹೊಯ್ಕೊಂಡ್ಲು. 'ನಂದ ಬರದಾಗೈತಿ, ಎಲ್ಲಿ ಕುಂತ್ರೇನು' ಅಂದ... ಗ್ವಾಡಿ ಬಿತ್ತು.

"ಇನ್ನ ನಮ್ಮ ಸುಜಾತಾ. ರಾಯಬಾಗ ಕಡೀ ಹೊಳಿಸಾಲಿನ ಅಂಬಿಗರ ಮಗಳು, ನಡ್ಯಾಕ ಬರೂ ಮೊದಲ ಅಪ್ಪನ ತೊಡಿಮ್ಯಾಲೆ ಕುಂತ ಹುಟ್ಟ ಹಾಕೂದ ಕಲತಾಕಿ. ನಮ್ಮನೀಗಿ ಬಂದಮ್ಯಾಲೆ ನಾನ ಬಿಡಸಿದ್ದೆ. ಸೊಸಿ ಆದಾಕಿ ದೋಣಿ ನಡಸಿದ್ರ ಮಂದಿ ಏನಂದಾರು ಅಂತ! ಹತ್ತೊಂಬತ್ತನೇ ಇಸ್ವಿಯಾಗ ಮತ್ತ ಮಹಾಪೂರ ಬಂತು ನೋಡ್ರಿ, ತೋಟದ ವಸ್ತ್ಯಾಗ ಮೂವತ್ತು ಮಂದಿ ಸಿಕ್ಕೊಂಡ್ರು. ಸರಕಾರದ ಬೋಟು ನಾಳಿ ಬರತೈತಿ ಅಂದ್ರು. ನೀರ ನಾಳಿತನಾ ನಿಲ್ಲತೈತೇನ್ರಿ? ಅಕಿ ಯಾರನ್ನೂ ಕೇಳಲಿಲ್ಲ, ಸೀರಿ ಕಚ್ಚಿ ಹಾಕಿ ದೋಣಿ ಇಳಿಸಿದ್ಲು.

"ಮೊದಲನೇ ಖೇಪಿಗಿ ಐದಾರ ಮಂದಿನ್ನ ತಂದ ಇಳಿಸಿ, ಹಗ್ಗಾ ಕಟಗೋತ ನನ್ನ ಕೇಳಿದ್ಲು, 'ಅತ್ತಿ, ಮುಂದ ಕೆಂಪ ಪಟಕಾದ ಮುದುಕ ಕುಂತಾನಲ್ಲ, ಇಳೀ ಅಂದ್ರ ಇಳ್ಯಾಕ ಒಲ್ಲ. ಯಾರಂವ?'

"ಅಕಿ ಈ ಊರಿಗಿ ಬರೂದಕ್ಕ ಹತ್ತ ವರ್ಷ ಮೊದಲ ಬಾಳಾಸಾಬ ಸತ್ತಿದ್ದ. ಅಕಿ ಕೈ ಗಟ್ಟಿ ಹಿಡದೆ. 'ಹೋಗಬ್ಯಾಡ ಮಗಳ, ಅಂವ ಕಂಡ್ರ ಉಳಿಯೂದಿಲ್ಲ' ಅಂತ ರುಕ್ಮವ್ವಂದು, ಪಾರಿಸಂದು, ಎಲ್ಲಾ ಹೇಳಿದೆ. ಅಕಿ ಪೂರ್ತಿ ಕೇಳಿದ್ಲು. ಅಕಿಗಿ ಅಂಜಿಕಿ ಇರಲಿಲ್ಲ ಅಂತ ನಾ ಸುಳ್ಳ ಹೇಳೂದಿಲ್ಲ. ಆಮ್ಯಾಲೆ ಅಂದ್ಲು, 'ಪಾರಿಸಣ್ಣ ಮನ್ಯಾಗ ಕುಂತೂ ಸತ್ತನಲ್ಲ ಅತ್ತಿ? ಸಾಯೂದ ಸಟವಿ ಬರದಿರಬೌದು. ಸಾಯೂತನಾ ಏನ ಮಾಡಬೇಕು ಅನ್ನೂದನ್ನ ಅಕಿ ಬರದಿಲ್ಲ. ಅದ ನಂದು.' ನನ್ನ ಕೈ ಬಿಡಿಸ್ಕೊಂಡ ಹೋದ್ಲು.

"ಐದ ಖೇಪು ಮಾಡಿದ್ಲು. ಐದೂ ಸರ್ತಿ ಅಂವ ಎದರಿಗೇ ಕುಂತಿದ್ದ. ಕಡೀ ಆರನೇ ಖೇಪಿಗಿ ಉಳದವರು ನಮ್ಮ ಭರಮು ಕಾಕಾ, ಅಂವನ ಇಬ್ಬರು ಮೊಮ್ಮಕ್ಕಳು, ಒಂದ ಎಮ್ಮಿ ಕರಾ. ಹೊಳಿ ನಡುವ ಸುಳಿ ಹಿಡೀತು. ದೋಣಿ ಬುಗುರಿ ತಿರಗಿದಂಗ ತಿರಗಾಕ ಹತ್ತಿತು. ಸುಜಾತಾನ ರಟ್ಟಿ ಸೋತಿದ್ದೂ, ಅಂಗೈ ಹರದ ರಕ್ತ ಹುಟ್ಟಿನ ಗುಂಟ ಇಳೀತಿತ್ತು. ಆವಾಗ ಅಕಿ ಏನ ಮಾಡಿದ್ಲು ಹೇಳ್ರಿ? ಅತ್ತಳೇನು? ದೇವರಿಗಿ ಕೈ ಮುಗದಳೇನು? ಕಾಲಾಗ ಬಿದ್ದಿದ್ದ ಇನ್ನೊಂದ ಹುಟ್ಟನ್ನ ಆ ಪಟಕಾದ ಮುದುಕನ ಕಡೆ ನೂಕಿ ಒದರಿದ್ಲು...

"'ಕಾಕಾ! ನನ್ನ ಒಯ್ಯಾಕ ಬಂದಿದ್ರ ಆಮ್ಯಾಲೆ ಒಯ್ಯಿ, ನಾ ಎಲ್ಲಿಗೂ ಓಡೂದಿಲ್ಲ. ಮೊದಲ ಈ ಕೂಸಗೋಳನ್ನ ದಂಡಿಗಿ ಮುಟ್ಟಸೂನು. ಸುಮ್ನ ಯಾಕ ಕುಂತಿ? ಹುಟ್ಟ ಹಾಕ!'

"ಭರಮು ಕಾಕಾಗ ಮುದುಕ ಕಾಣಲಿಲ್ಲ. ಆದ್ರ ಅಂವ ಸಾಯೂತನಾ ಬೀರದೇವರ ಆಣಿ ಮಾಡಿ ಹೇಳತಿದ್ದ, ಹುಟ್ಟ ತಾನ ಎದ್ದಿತು, ತಾನ ನೀರಿಗಿ ಬಿತ್ತು, ಹತ್ತ ಆಳಿನ ಜೋರಿನ್ಯಾಗ ಜಗ್ಗಿತು ಅಂತ. ದೋಣಿ ದಂಡಿಗಿ ಬಂದ ಬಡೀತು. ಸುಜಾತಾ ಮಕ್ಕಳನ್ನ ಇಳಿಸಿ, ಹೊಳ್ಳಿ ದೋಣ್ಯಾಗ ಕುಂತ ಕಣ್ಣ ಮುಚ್ಚಿದ್ಲು. ಮಾತ ಕೊಟ್ಟಿದ್ಲಲ್ಲ... ಒಯ್ಯಲಿ ಅಂತ. ಬಾಳ ಹೊತ್ತಾದ ಮ್ಯಾಲೆ ಕಣ್ಣ ತೆಗದ್ರ ಎದರಿಗಿ ಹಸೀ ಹುಟ್ಟ ಒಂದ ಇತ್ತು, ಅಂವ ಇದ್ದಿಲ್ಲ.

"ಮೂವತ್ತು ಮಂದಿ! ಇವತ್ತೂ ಐಗಳಿ ಸಂತ್ಯಾಗ ಕೇಳ್ರಿ, 'ಪದ್ಮವ್ವನ ಸೊಸಿ' ಅಂದ್ರ ಎದ್ದ ಜಾಗಾ ಕೊಡತಾರ."

ಪದ್ಮವ್ವ ಬೆನ್ನು ನೆಟ್ಟಗೆ ಮಾಡಿದಳು. ತವೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದಾಗಲೇ ರಾಮವ್ವನಿಗೆ ಎಚ್ಚರವಾದದ್ದು.

"ಹಂಗಾರ ಅಂವ ಒಯ್ಯಾಕ ಬರತಿದ್ದಿಲ್ಲೇನು ಯವ್ವಾ?" ಅವಳು ಮೆಲ್ಲಗೆ ಕೇಳಿದಳು.

"ಯಾರ್ ಬಲ್ಲರು? ಒಯ್ಯಾಕ ಬರತಿದ್ನೋ, ಕೈ ಜೋಡಸಾಕ ಬರತಿದ್ನೋ... ಸುಜಾತಾನ ಬಿಟ್ರ ಯಾರ್ ಕೇಳಿದ್ರು ಅಂವನ್ನ?" ಪದ್ಮವ್ವ ಹಿಟ್ಟಿನ ಉಂಡೆ ಹಿಡಿದಳು. "ನಾನೂ ಇನ್ನ ಕೇಳಿಲ್ಲ."

"ನೀ ಎಲ್ಲಿ ಕೇಳತಿ, ನಿನಗೇನ ಕಂಡಾನೇನು?"

"ಮುಂಜಾನಿ ಮೆಟ್ಟಲ ಹತ್ತೂವಾಗ ಕಂಡ. ಮಧ್ಯಾಹ್ನ ನೀರಿನ ಟಾಕಿ ಹಂತ್ಯಾಕ. ಈಗ ನಿಮ್ಮ ಬೆನ್ನ ಹಿಂದ, ಹೊಸ್ತಲ ಮ್ಯಾಲೆ ಕುಂತಾನ... ತಿರಗಬ್ಯಾಡ್ರಿ, ನಿಮಗ ಕಾಣೂದಿಲ್ಲ." ಮುದುಕಿಯ ಕೈಯಲ್ಲಿ ರೊಟ್ಟಿ ಚಂದ್ರನಂತೆ ಅಗಲವಾಗುತ್ತ ಹೋಯಿತು. "ಇನ್ನ ಇನ್ನೂರ ಮಂದಿ ಉಣ್ಣೂದೈತಿ. ಅಲ್ಲೀತನಾ ನಾ ಏಳೂದಿಲ್ಲ ಅಂತ ಅಂವಗ ಹೇಳೇನಿ."